ಆಟ ಎಂದರೇನು? ತರ್ಕಶಾಸ್ತ್ರದ ತರಗತಿಯಿಂದ

ದ್ವಿತೀಯ ಪಿಯುಸಿ ಕಲಾ ವಿಭಾಗದವರಿಗೆ ಆ ದಿನದ ಪಾಠ ನೆನಪಿರಬಹುದು. ವ್ಯಾಖ್ಯೆಯ ದೋಷಗಳನ್ನು ಹೇಳಿಕೊಡಲು ಸುಲಭದ ಪದವೊಂದು ಬೇಕೆಂದು ಕಪ್ಪುಹಲಗೆಯ ಮೇಲೆ 'ಆಟ' ಎಂದು ಬರೆದೆ. ಸುಲಭ ಎಂದುಕೊಂಡದ್ದು ನನ್ನ ತಪ್ಪು.

"ಸೋಲು-ಗೆಲುವು ಇರುವುದೇ ಆಟ ಸರ್" ಎಂಬ ಉತ್ತರ ಮೊದಲು ಬಂತು. ಹಾಗಾದರೆ ಚುನಾವಣೆಯೂ ಆಟ, ಕೋರ್ಟಿನ ದಾವೆಯೂ ಆಟ. ತನ್ನದಲ್ಲದ್ದನ್ನೂ ಒಳಗೆ ಸೇರಿಸಿಕೊಂಡರೆ ಅದು ಅತಿವ್ಯಾಪ್ತಿ. ಮಗುವೊಂದು ಗೋಡೆಗೆ ಚೆಂಡು ಎಸೆದು ಹಿಡಿಯುತ್ತಿದ್ದರೆ ಅಲ್ಲಿ ಸೋಲುವವರು ಯಾರು? ಆ ಆಟ ಹೊರಗೆ ಉಳಿಯಿತು, ಅದು ಅವ್ಯಾಪ್ತಿ. ಒಂದೇ ವಾಕ್ಯದಲ್ಲಿ ಎರಡೂ ದೋಷ! "ಖುಷಿಗಾಗಿ ಮಾಡುವುದು" ಎಂದಳು ಇನ್ನೊಬ್ಬಳು. ಬಿರಿಯಾನಿ ತಿನ್ನುವುದೂ ಖುಷಿಗಾಗಿಯೇ ಅಲ್ಲವೇ? ಸಾಲದ್ದಕ್ಕೆ ನಮ್ಮ ಕರಾವಳಿಯಲ್ಲಿ "ನಿನ್ನೆ ಆಟಕ್ಕೆ ಹೋಗಿದ್ದೆ" ಎಂದರೆ ಯಕ್ಷಗಾನಕ್ಕೆ ಹೋಗಿದ್ದೆ ಎಂದರ್ಥ.

ಇಲ್ಲಿ ಎಡವಿದವರು ನಾವು ಮಾತ್ರವಲ್ಲ. ತತ್ವಜ್ಞಾನಿ ವಿಟ್ಗೆನ್‌ಸ್ಟೈನ್ ಅವರ ಮರಣಾನಂತರ 1953ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಇದೇ ಪದ ಚರ್ಚೆಗೆ ಬರುತ್ತದೆ. ಎಲ್ಲ ಆಟಗಳಿಗೂ ಸಮಾನವಾದ ಒಂದು ಲಕ್ಷಣವನ್ನು ಹುಡುಕಬೇಡಿ, ಒಂದು ಕುಟುಂಬದವರಲ್ಲಿ ಒಬ್ಬರಿಗೆ ಮೂಗು, ಇನ್ನೊಬ್ಬರಿಗೆ ನಡಿಗೆ ಹೋಲುವಂತೆ ಇವುಗಳಲ್ಲೂ ಹೋಲಿಕೆಗಳಷ್ಟೇ ಇವೆ ಎಂಬುದು ಅವರ ವಾದ. ಇದನ್ನು ಒಪ್ಪದವರು ಬರ್ನಾರ್ಡ್ ಸೂಟ್ಸ್. ಅನಗತ್ಯವಾದ ಅಡೆತಡೆಗಳನ್ನು ಸ್ವಇಚ್ಛೆಯಿಂದ ಒಪ್ಪಿಕೊಂಡು ಅವನ್ನು ದಾಟಲು ಯತ್ನಿಸುವುದೇ ಆಟ ಆಡುವುದು ಎಂದು 1978ರ ತಮ್ಮ ಪುಸ್ತಕದಲ್ಲಿ ಅವರು ಹೇಳಿದರು. ಕೇರಂ ನೋಡಿ. ಕಾಯಿಯನ್ನು ಕೈಯಿಂದ ಎತ್ತಿ ಗುಳಿಗೆ ಹಾಕಿದರೆ ಒಂದು ಕ್ಷಣದ ಕೆಲಸ. ಆದರೂ ಸ್ಟ್ರೈಕರ್‌ನಿಂದಲೇ ಹೊಡೆಯುತ್ತೇವೆ, ಏಕೆಂದರೆ ಆ ಕಷ್ಟ ಇಲ್ಲದಿದ್ದರೆ ಆಟವೇ ಇಲ್ಲ.

"ಹಾಗಾದರೆ ಪರೀಕ್ಷೆಯೂ ಆಟವೇ ಸರ್, ಪೂರ್ತಿ ಅನಗತ್ಯ ಅಡೆತಡೆ" ಎಂದಿತು ಹಿಂದಿನ ಬೆಂಚು. ಆ ದಿನ ನನ್ನನ್ನು ಕಾಪಾಡಿದ್ದು 'ಸ್ವಇಚ್ಛೆ' ಎಂಬ ಪದ. ಅದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇನ್ನು ವರ್ಗೀಕರಣ. ವಿಭಜನೆಗೆ ಆಧಾರ ಒಂದೇ ಇರಬೇಕು ಎಂಬ ನಿಯಮ ನಿಮಗೆ ಗೊತ್ತು. 1952ರಲ್ಲಿ ಎಚ್.ಜೆ.ಆರ್. ಮರ್ರೆ ಮಣೆಯಾಟಗಳ ಇತಿಹಾಸ ಬರೆದಾಗ, ಮಣೆಯ ಮೇಲೆ ಏನು ನಡೆಯುತ್ತದೆ ಎಂಬುದನ್ನೇ ಆಧಾರ ಮಾಡಿಕೊಂಡರು. ಅವರ ಗುಂಪುಗಳಲ್ಲಿ ನಮ್ಮ ಆಟಗಳಿಗೆಲ್ಲ ಜಾಗವಿದೆ: ಸಾಲುಮನೆ ಕಾಯಿ ಸಾಲುಗೂಡಿಸುವ ಆಟ, ಚದುರಂಗ ಯುದ್ಧ, ಹುಲಿ-ಕುರಿ ಬೇಟೆ, ಚೌಕಾಬಾರ ಓಟ, ಚೆನ್ನೆಮಣೆ ಗುಳಿಗಳಿಗೆ ಕಾಯಿ ಬಿತ್ತುವ ಆಟ. ಫ್ರಾನ್ಸಿನ ರೋಜೆ ಕಾಯ್ವಾ 1958ರಲ್ಲಿ ಬೇರೆ ಆಧಾರ ಹಿಡಿದರು. ಆಡುವವನು ಏನನ್ನು ಬಯಸುತ್ತಾನೆ? ಸ್ಪರ್ಧೆ, ಅದೃಷ್ಟ, ವೇಷ, ತಲೆಸುತ್ತು ಎಂಬ ನಾಲ್ಕು ಅವರ ಉತ್ತರ. ಕಬಡ್ಡಿ, ದಾಳ, ಯಕ್ಷಗಾನ, ಜೋಕಾಲಿ ಎಂದು ನಾನು ಅನುವಾದಿಸಿಕೊಂಡೆ. ನಮ್ಮ 'ಆಟಕ್ಕೆ ಹೋಗುವವರ' ಪದಬಳಕೆ ಅಷ್ಟೇನೂ ತಪ್ಪಲ್ಲ.

ಆಧಾರ ಬದಲಾದರೆ ನೆರೆಹೊರೆಯೂ ಬದಲಾಗುತ್ತದೆ. ಅದೃಷ್ಟದ ಪಾಲೆಷ್ಟು ಎಂದು ಕೇಳಿದರೆ, ಕವಡೆ ಬೀಳುವುದನ್ನು ನಂಬಿದ ಚೌಕಾಬಾರ ಒಂದು ಕಡೆ, ಚದುರಂಗ ಮತ್ತು ಚೆನ್ನೆಮಣೆ ಇನ್ನೊಂದು ಕಡೆ. ಚೆನ್ನೆಮಣೆಯಲ್ಲಿ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ, ಎಲ್ಲವೂ ಕಣ್ಣೆದುರೇ. ಅಜ್ಜಿಯ ಎದುರು ನಾನು ಸೋತದ್ದಕ್ಕೆ ಅದೃಷ್ಟವನ್ನು ದೂರುವಂತಿರಲಿಲ್ಲ.

ಈ ಪಾಠವನ್ನು ನಾನು ಇಷ್ಟು ಬೆಳೆಸಲು ಕಾರಣ ಒಬ್ಬ ಹಳೆಯ ವಿದ್ಯಾರ್ಥಿ. ಅವನು ಒಪ್ಪಿದ ಮೇಲೆಯೇ, ಹೆಸರಿಲ್ಲದೆ ಬರೆಯುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಅವನು ಮೊಬೈಲ್ ರಮ್ಮಿಯಲ್ಲಿ ಅಕ್ಕ ಹೊಲಿಗೆ ಮಾಡಿ ಕೂಡಿಟ್ಟ ಹಣ ಕಳೆದು ನನ್ನ ಬಳಿ ಬಂದಿದ್ದ. "ಅದು ಜೂಜಲ್ಲ ಸರ್, ಕೌಶಲದ ಆಟ. ಸುಪ್ರೀಂ ಕೋರ್ಟೇ ಹೇಳಿದೆ" ಎಂದ.

ಹೇಳಿದ್ದು ನಿಜ. 1967ರ ತೀರ್ಪಿನಲ್ಲಿ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದಿತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ತಿಳಿದಿರಬೇಕು. ಆದರೆ ಅದೇ ತೀರ್ಪಿನ ಇನ್ನೊಂದು ಮಾತು ಅವನಿಗೆ ಗೊತ್ತಿರಲಿಲ್ಲ: ಪಣವಿಟ್ಟು ಆಡುವ ಆಟದಿಂದ ಕ್ಲಬ್ಬಿನ ಒಡೆಯ ಲಾಭ ಮಾಡುತ್ತಿದ್ದರೆ ಅಪರಾಧವಾಗಬಹುದು. ಕೌಶಲವೋ ಅದೃಷ್ಟವೋ ಎಂಬ ಆಧಾರದ ಜೊತೆಗೆ, ಹಣ ಯಾರ ಕೈ ಸೇರುತ್ತದೆ ಎಂಬ ಆಧಾರವೂ ಅಲ್ಲಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಳೆಯ ಆಧಾರವನ್ನೇ ಕೈಬಿಟ್ಟಿತು. ಇ-ಸ್ಪೋರ್ಟ್ಸ್, ಸಾಮಾಜಿಕ ಆಟ, ಹಣದ ಆಟ ಎಂದು ವಿಂಗಡಿಸಿ, ಮೂರನೆಯದನ್ನು ಕೌಶಲವಿರಲಿ ಅದೃಷ್ಟವಿರಲಿ ನಿಷೇಧಿಸಿತು.

ಸುದ್ದಿ ಓದಿ ಅವನಿಗೆ ಫೋನ್ ಮಾಡಿದೆ. ಸೂಟ್ಸ್ ವ್ಯಾಖ್ಯೆಯನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಮೊದಲ ವಾರ ಅದು ಆಟವೇ ಆಗಿತ್ತು ಸರ್. ಹೋದ ಹಣ ವಾಪಸ್ ಬರಲಿ ಅಂತ ಕೂತ ರಾತ್ರಿಯಿಂದ ಅಲ್ಲ. ಆಮೇಲೆ ಏಳಬೇಕು ಅನ್ನಿಸಿದರೂ ಏಳಲು ಆಗುತ್ತಿರಲಿಲ್ಲ" ಎಂದ. ಅಕ್ಕನಿಗೆ ಈಗಲೂ ತಿಂಗಳು ತಿಂಗಳು ಹಣ ಹಿಂತಿರುಗಿಸುತ್ತಿದ್ದಾನೆ.