ಯಾರೂ ಕಾಣದ ಸಂತೆ

2022ರ ಬೇಸಿಗೆ. ನಮ್ಮ ಕಡೆಯ ಕೊಬ್ಬರಿ ಬೆಳೆಗಾರರ ಗುಂಪೊಂದಕ್ಕೆ ನಾನು ಜಾಲತಾಣ ಮಾಡಿಕೊಟ್ಟು ತಿಂಗಳಾಗಿತ್ತು. ತಿಪಟೂರು ಮಾರುಕಟ್ಟೆಯ ದರ, ಗುಂಪಿನ ಗೋದಾಮಿಗೆ ಮಾಲು ತರಲು ಸರದಿ ಹಿಡಿಯುವ ವ್ಯವಸ್ಥೆ, ತೋಟದ ರೋಗಗಳ ಬಗ್ಗೆ ಪ್ರಶ್ನೆ ಕೇಳುವ ಜಾಗ ಎಲ್ಲವೂ ಅದರಲ್ಲಿದ್ದವು. ತುರುವೇಕೆರೆ ತಾಲ್ಲೂಕಿನ ನಮ್ಮೂರಿನ ಜಗಲಿಯ ಮೇಲೆ ಕೂತು ದೊಡ್ಡಪ್ಪನಿಗೆ ಫೋನಿನಲ್ಲಿ ಒಂದೊಂದಾಗಿ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಪೂರ್ತಿ ನೋಡಿದರು. ಆಮೇಲೆ ಕೇಳಿದರು:

“ಎಲ್ಲಾ ಸರಿ ಕಣಪ್ಪ. ಇದ್ರಲ್ಲಿ ಯಾರೂ ಇಲ್ವಲ್ಲ?”

“ದಿನಾ ಇನ್ನೂರು ಜನ ನೋಡ್ತಾರೆ ದೊಡ್ಡಪ್ಪ.”

“ಎಲ್ಲವ್ರೆ? ತೋರ್ಸು ಮತ್ತೆ.”

ತೋರಿಸಲು ನನ್ನಲ್ಲಿ ಏನೂ ಇರಲಿಲ್ಲ. ಇನ್ನೂರು ಜನ ಬಂದುಹೋದ ಲೆಕ್ಕ ಸರ್ವರ್‌ನಲ್ಲಿ ನನಗೆ ಮಾತ್ರ ಕಾಣುತ್ತಿತ್ತು. ಬಂದವರಿಗೆ ಕಾಣುತ್ತಿದ್ದದ್ದು ಬರಿದಾದ ಒಂದು ಪುಟ. ಒಬ್ಬನೇ ನೋಡಿದರೂ ಸಾವಿರ ಜನ ಒಟ್ಟಿಗೆ ನೋಡಿದರೂ ಆ ಪುಟ ಒಂದೇ ರೀತಿ ಇರುತ್ತಿತ್ತು. ಮೂರು ವರ್ಷ ನಾನು ಕಲಿತದ್ದೆಲ್ಲ ಶುರುವಾದದ್ದು ಆ ಒಂದು ಪ್ರಶ್ನೆಯಿಂದ.

ದೊಡ್ಡಪ್ಪನ ಮನಸ್ಸಿನಲ್ಲಿದ್ದದ್ದು ತಿಪಟೂರಿನ ಎಪಿಎಂಸಿ ಯಾರ್ಡು. ಆಗ ಬುಧವಾರ ಮತ್ತು ಶನಿವಾರ ಅಲ್ಲಿ ಕೊಬ್ಬರಿ ವಹಿವಾಟು ನಡೆಯುತ್ತಿತ್ತು. ಅವರು ದರ ಕೇಳುವ ಮೊದಲೇ ಅರ್ಧ ವಿಷಯ ತಿಳಿದುಕೊಂಡಿರುತ್ತಾರೆ. ಗೇಟಿನ ಬಳಿ ಎಷ್ಟು ಗಾಡಿ ನಿಂತಿವೆ, ಮಂಡಿಗಳ ಮುಂದೆ ಚೀಲ ಎಷ್ಟು ಎತ್ತರಕ್ಕೆ ಬಿದ್ದಿವೆ, ಹುಳಿಯಾರು ಕಡೆಯವರು ಬಂದಿದ್ದಾರೋ ಇಲ್ಲವೋ, ಯಾರು ಮಾಲು ಮಾರದೆ ವಾಪಸ್ಸು ಒಯ್ಯುತ್ತಿದ್ದಾರೆ ಎಂಬುದನ್ನೆಲ್ಲ ಕಣ್ಣೇ ಹೇಳಿಬಿಡುತ್ತದೆ. ಹಿಂದಿರುಗುವಾಗ ಕೆ.ಬಿ. ಕ್ರಾಸಿನ ಟೀ ಅಂಗಡಿಯಲ್ಲಿ ಉಳಿದರ್ಧ ಸಿಗುತ್ತದೆ. ಚಿಕ್ಕನಾಯಕನಹಳ್ಳಿಯ ದಾರಿ, ತುರುವೇಕೆರೆಯ ದಾರಿ, ತಿಪಟೂರಿನ ದಾರಿ ಕೂಡುವ ಜಾಗ ಅದು. ಮೂರೂ ತಾಲ್ಲೂಕಿನ ಮಾತು ಅಲ್ಲಿ ಒಂದು ಲೋಟ ಟೀಗೆ ಸಿಗುತ್ತದೆ. ಅಕ್ಕಪಕ್ಕ ಜನ ಇದ್ದಾರೆ ಎನ್ನುವುದೇ ರೈತನಿಗೆ ಒಂದು ಮಾಹಿತಿ. ಅದನ್ನು ಕಿತ್ತುಹಾಕಿ ಬರೀ ದರವನ್ನು ಕೈಗೆ ಕೊಟ್ಟಿದ್ದೆ ನಾನು.

ಈ ಒಂಟಿತನ ಜಾಲತಾಣ ಮಾಡುವವರಿಗೆಲ್ಲ ಹಳೆಯ ಸಮಸ್ಯೆ. ಪುಟದ ಬುಡದಲ್ಲಿ ಭೇಟಿ ಕೊಟ್ಟವರ ಸಂಖ್ಯೆ ತೋರಿಸುವ ಪದ್ಧತಿ ಬಹಳ ಹಿಂದಿನದು. ಗೂಗಲ್ ಡಾಕ್ಸ್‌ನಲ್ಲಿ ಹೆಸರು ಹೇಳದೆ ಒಳಬಂದವರು ಪ್ರಾಣಿಗಳ ಚಿತ್ರವಾಗಿ ಕಾಣುತ್ತಾರೆ. ವಾಟ್ಸ್‌ಆ್ಯಪ್ ನಮ್ಮವರು ಕೊನೆಯ ಬಾರಿ ಬಂದುಹೋದ ಹೊತ್ತನ್ನು ಹೇಳುತ್ತದೆ. ಇವೆಲ್ಲ ‘ನೀನೊಬ್ಬನೇ ಅಲ್ಲ’ ಎಂದು ಹೇಳುವ ಬೇರೆ ಬೇರೆ ಬಗೆಗಳು. ನಾನೂ ಒಂದು ಬಗೆ ಹಿಡಿದೆ.

ದರದ ಪಟ್ಟಿಯ ಮೇಲೆ ‘ಈಗ ಇಷ್ಟು ಮಂದಿ ನೋಡುತ್ತಿದ್ದಾರೆ’ ಎಂದು ಹಾಕಿದೆ. ಮಾಡುವುದು ಕಷ್ಟವಲ್ಲ. ಪುಟ ತೆರೆದಿರುವ ಪ್ರತಿ ಫೋನೂ ಅರ್ಧ ನಿಮಿಷಕ್ಕೊಮ್ಮೆ ಸರ್ವರ್‌ಗೆ ‘ಇದ್ದೇನೆ’ ಎಂದು ಹೇಳಬೇಕು. ಎರಡು ನಿಮಿಷ ಸುದ್ದಿಯೇ ಬಾರದಿದ್ದರೆ ಆ ಫೋನನ್ನು ಲೆಕ್ಕದಿಂದ ಬಿಡಬೇಕು. ತೋಟದ ನಡುವೆ ನೆಟ್‌ವರ್ಕ್ ಬಂದುಹೋಗುವ ಕಡೆ ಎರಡು ನಿಮಿಷಕ್ಕಿಂತ ಕಡಿಮೆ ಇಟ್ಟರೆ ಸಂಖ್ಯೆ ಸುಮ್ಮನೆ ಏರಿಳಿಯುತ್ತದೆ. ಬುಧವಾರ ಮಧ್ಯಾಹ್ನ ಅದು ಮೂವತ್ತು ದಾಟಿದಾಗ ಖುಷಿಪಟ್ಟೆ. ಗುರುವಾರ ಬೆಳಿಗ್ಗೆ ‘ಈಗ 1 ಮಂದಿ ನೋಡುತ್ತಿದ್ದಾರೆ’ ಎಂದಿತ್ತು. ಆ ಒಬ್ಬ, ಪುಟ ತೆರೆದವನೇ. ಮೊದಲು ಖಾಲಿಯೆಂಬ ಅನುಮಾನ ಮಾತ್ರ ಇತ್ತು. ಈಗ ನಾನೇ ಅದನ್ನು ಬರೆದು ತೋರಿಸಿದಂತಾಯಿತು.

ಆಗ ತಪ್ಪು ಮಾಡಿದೆ. ‘ಒಂದು ನಲವತ್ತು ಸೇರಿಸಿಬಿಡಿ, ಜನ ಬರೋಕೆ ಶುರುವಾದ ಮೇಲೆ ತೆಗೆದರಾಯ್ತು’ ಎಂದು ಗುಂಪಿನಲ್ಲಿ ಒಬ್ಬರು ಹೇಳಿದರು. ಸೇರಿಸಿದೆ. ಹತ್ತು ದಿನ ನಡೆಯಿತು. ತಿಂಗಳ ಸಭೆಯಲ್ಲಿ ಹೊನ್ನವಳ್ಳಿ ಕಡೆಯ ರೈತರೊಬ್ಬರು ಎದ್ದು, “ರಾತ್ರಿ ಎರಡು ಗಂಟೇಲಿ ಮೋಟ್ರು ಹಾಕೋಕೆ ಎದ್ದಾಗ ನೋಡ್ದೆ. ನಲವತ್ತೊಂದು ಜನ ಅಂತ ಐತೆ. ಆ ಹೊತ್ತಲ್ಲಿ ಯಾರಪ್ಪ ಕೊಬ್ರಿ ರೇಟು ನೋಡೋರು?” ಎಂದರು. ನಾನು ಒಪ್ಪಿಕೊಂಡೆ. ಅವರ ಮುಂದಿನ ಪ್ರಶ್ನೆಗೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ: “ಹಂಗಾದ್ರೆ ರೇಟು ನಿಜಾನಾ?” ಒಂದು ಸುಳ್ಳು ಸಂಖ್ಯೆ ಪಕ್ಕದ ನಿಜ ಸಂಖ್ಯೆಯನ್ನೂ ಕೆಡಿಸಿತ್ತು. ಕಳೆದ ನಂಬಿಕೆ ಮರಳಲು ಆರು ತಿಂಗಳು ಹಿಡಿಯಿತು. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ‘ಡಾರ್ಕ್ ಪ್ಯಾಟರ್ನ್’ ಎಂಬ, ಬಳಕೆದಾರರನ್ನು ದಾರಿತಪ್ಪಿಸುವ ವಿನ್ಯಾಸಗಳನ್ನು ತಡೆಯುವ ಮಾರ್ಗಸೂಚಿ ಹೊರಡಿಸಿತು. ಇಲ್ಲದ ಬೇಡಿಕೆ, ಇಲ್ಲದ ಜನಪ್ರಿಯತೆ ತೋರಿಸಿ ಗ್ರಾಹಕರನ್ನು ಅವಸರಪಡಿಸುವುದು ಅದರ ಪಟ್ಟಿಯಲ್ಲಿ ಮೊದಲನೆಯದು. ಅದನ್ನು ಓದಿದಾಗ ಆ ಸಭೆ ನೆನಪಾಯಿತು.

ದಾರಿ ತೋರಿಸಿದ್ದು ನಮ್ಮ ಮನೆಯ ಅಟ್ಟ. ಕೊಬ್ಬರಿ ಅವಸರದ ಬೆಳೆಯಲ್ಲ. ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು, ನೀರು ಇಂಗಿ, ಒಳಗೆ ಉಂಡೆ ಬಿಟ್ಟುಕೊಂಡು ಗಡಗಡ ಎನ್ನುವವರೆಗೆ ಕಾಯಬೇಕು. ಇಂಥ ಬದುಕಿನಲ್ಲಿ ‘ಈಗ’ ಎಂಬ ಎರಡು ನಿಮಿಷಕ್ಕೆ ಅರ್ಥವೇ ಇಲ್ಲ. ‘ಈಗ’ ತೆಗೆದು ‘ಈ ವಾರ’ ಹಾಕಿದೆ. ಹೋಬಳಿ ಯಾವುದೆಂದು ಹೇಳುವ ಮನಸ್ಸಿದ್ದವರು ಹೇಳಲಿ ಎಂದು ಒಂದು ಆಯ್ಕೆ ಇಟ್ಟೆ. ಆಮೇಲೆ ಪುಟದ ಮೇಲೆ ದಂಡಿನಶಿವರ, ಮಾಯಸಂದ್ರ, ನೊಣವಿನಕೆರೆ, ಹಂದನಕೆರೆ, ಶೆಟ್ಟಿಕೆರೆ ಎಂದು ಊರುಗಳು ಕಾಣತೊಡಗಿದವು, ಪಕ್ಕದಲ್ಲಿ ಆ ವಾರ ಬಂದವರ ಲೆಕ್ಕ. ಸಂಖ್ಯೆ ಸಣ್ಣದೇ, ಆದರೆ ನಿಜ. ದೊಡ್ಡಪ್ಪ ನೋಡಿ, “ಹಂದನಕೆರೆಯೋರೂ ನೋಡ್ತಾವ್ರೆ” ಎಂದರು. ಅವರಿಗೆ ಬೇಕಿದ್ದದ್ದು ಅಷ್ಟೇ.

ಇನ್ನೊಂದು ಪಾಠ ಬೇರೆಯವರ ನೋವಿನಿಂದ ಬಂತು. ಗೋದಾಮಿಗೆ ಯಾರು ಎಷ್ಟು ಚೀಲಕ್ಕೆ ಸರದಿ ಹಿಡಿದಿದ್ದಾರೆಂದು ಹೆಸರು ಸಮೇತ ತೋರಿಸುತ್ತಿದ್ದೆ. ಪಾರದರ್ಶಕವಾಗಿರುತ್ತದೆ ಎಂದುಕೊಂಡಿದ್ದೆ. ಒಬ್ಬ ರೈತರು ಇಪ್ಪತ್ತು ಚೀಲ ಬರೆಸಿದ ಮರುದಿನ ಬೆಳಿಗ್ಗೆಯೇ ಸಾಲ ಕೊಟ್ಟವರು ಅವರ ಮನೆ ಬಾಗಿಲಿಗೆ ಬಂದು ಕೂತರು. ಮಗಳ ಕಾಲೇಜಿನ ಶುಲ್ಕಕ್ಕೆಂದು ಎತ್ತಿಟ್ಟಿದ್ದ ಮಾಲು ಅದು. ಫೋನಿನಲ್ಲಿ ಅವರು ನನ್ನನ್ನು ಬೈಯಲಿಲ್ಲ, “ಹೆಸ್ರು ತೆಗೀರಿ ಸ್ವಾಮಿ” ಎಂದರಷ್ಟೆ. ಅವತ್ತೇ ಎಲ್ಲ ಹೆಸರೂ ತೆಗೆದೆ. ಒಂದು ಹೋಬಳಿಯಿಂದ ಐದಕ್ಕಿಂತ ಕಡಿಮೆ ಜನ ಬಂದರೆ ‘ಇತರೆ’ ಎಂದು ಸೇರಿಸುವ ನಿಯಮ ಮಾಡಿದೆ, ಚಿಕ್ಕ ಊರಿನಲ್ಲಿ ಇಬ್ಬರೆಂದರೆ ಯಾರೆಂದು ಎಲ್ಲರಿಗೂ ಗೊತ್ತು. ವಾಟ್ಸ್‌ಆ್ಯಪ್ 2014ರ ನವೆಂಬರ್‌ನಲ್ಲಿ ಓದಿದ ಗುರುತಿಗೆ ನೀಲಿ ಗೀಟು ತಂದು, ಜನರ ಕಿರಿಕಿರಿ ನೋಡಿ, ಸ್ವಲ್ಪ ದಿನದಲ್ಲೇ ಅದನ್ನು ಬೇಡವೆನ್ನುವ ಅವಕಾಶವನ್ನೂ ಕೊಟ್ಟಿತ್ತು. ಕಾಣಿಸಿಕೊಳ್ಳುವುದು ಬಿಡುವುದು ಬಂದವರ ಕೈಯಲ್ಲೇ ಇರಬೇಕು.

2023ರಲ್ಲಿ ದರ ಕುಸಿಯಿತು. ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗಿತ್ತು. ಆಗ ‘ಇಂದು ಇಷ್ಟು ಜನ ಮಾರಲು ಸರದಿ ಹಿಡಿದಿದ್ದಾರೆ’ ಎಂಬ ನಿಜವಾದ ಸಾಲೂ ಹಾನಿ ಮಾಡಿತು. ಅದನ್ನು ನೋಡಿದವರು ಹೆದರಿ ತಾವೂ ಹಿಡಿದರು, ಸಂಖ್ಯೆ ಏರಿತು, ಇನ್ನಷ್ಟು ಜನ ಹೆದರಿದರು. ಸಂಖ್ಯೆ ನಿಜವಿದ್ದರೆ ಸಾಲದು, ಅದು ನೋಡುವವನಿಗೆ ಏನು ಮಾಡುತ್ತದೆ ಎಂದೂ ಯೋಚಿಸಬೇಕು ಎಂದು ಆಗ ಅರಿವಾಯಿತು. ತಿಪಟೂರಿನ ಇ-ಟೆಂಡರ್ ನೋಡಿ. ಒಬ್ಬ ವರ್ತಕ ಹಾಕಿದ ದರ ಇನ್ನೊಬ್ಬನಿಗೆ ಕಾಣುವುದಿಲ್ಲ. ಸಮಯ ಮುಗಿದ ಮೇಲೆ ಲಾಟಿಗೆ ಅತಿ ಹೆಚ್ಚು ಯಾರದೆಂದು ತೆರೆಯುತ್ತದೆ. ದರ ಹಿಡಿಸದಿದ್ದರೆ ರೈತ ಬೇಡವೆನ್ನಬಹುದು. ಅಲ್ಲಿ ಒಬ್ಬರಿಗೊಬ್ಬರು ಕಾಣದಿರುವುದೇ ರೈತನಿಗೆ ರಕ್ಷಣೆ. ಹಾಗಾಗಿ ಗೋದಾಮಿನ ಸರದಿಯಲ್ಲಿ ನಾನೂ ಜನರ ಲೆಕ್ಕ ತೆಗೆದು ಜಾಗದ ಲೆಕ್ಕ ಹಾಕಿದೆ: ಸೋಮವಾರ ತುಂಬಿದೆ, ಗುರುವಾರ ಖಾಲಿ ಇದೆ. ಬೇರೆಯವರು ಇದ್ದಾರೆಂಬುದು ಅದರಲ್ಲೂ ತಿಳಿಯುತ್ತದೆ. ಆದರೆ ನೂಕುನುಗ್ಗಲಾಗುವುದಿಲ್ಲ. 2024ರಲ್ಲಿ 12,000 ರೂಪಾಯಿಯ ಬೆಂಬಲ ಬೆಲೆಗೆ ಕೊಬ್ಬರಿ ಮಾರಲು ಹೆಸರು ನೋಂದಾಯಿಸಬೇಕಾದಾಗ ನಮ್ಮ ತಾಲ್ಲೂಕುಗಳಲ್ಲಿ ರೈತರು ಉದ್ದುದ್ದ ಸಾಲಿನಲ್ಲಿ ಕಾದರು. ಮುಂದೆ ಎಷ್ಟು ಜನ ಇದ್ದಾರೆಂದು ಮನೆಯಲ್ಲೇ ಕಾಣುವಂತಿದ್ದರೆ ಆ ಕಾಯುವಿಕೆ ಎಷ್ಟು ತಗ್ಗುತ್ತದೆ ಎಂದು ಅಲ್ಲಿ ನಿಂತವರಿಗೆ ವಿವರಿಸಬೇಕಿಲ್ಲ.

ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟದ್ದು ರೋಗದ ಪುಟ. ಯಾರೋ ಗರಿ ಒಣಗಿದ ಚಿತ್ರ ಹಾಕಿ ಕೇಳುತ್ತಿದ್ದರು. ನೋಡಿದವರು ಬರೆಯುತ್ತಿರಲಿಲ್ಲ, ದೊಡ್ಡ ಬೆರಳಿಗೆ ಸಣ್ಣ ಕೀಲಿಮಣೆ ಕಷ್ಟ. ಅದರ ಕೆಳಗೆ ‘ನಮ್ಮ ತೋಟದಲ್ಲೂ ಹೀಗೇ ಇದೆ’ ಎಂಬ ಒಂದು ಗುಂಡಿ ಇಟ್ಟೆ. ಕಪ್ಪು ತಲೆ ಹುಳುವಿನ ಚಿತ್ರಕ್ಕೆ ಎರಡು ವಾರದಲ್ಲಿ ಒಂದೇ ಹೋಬಳಿಯಿಂದ ಇಪ್ಪತ್ತಾರು ಜನ ಅದನ್ನು ಒತ್ತಿದ್ದರು. ಆ ಹುಳುವಿಗೆ ಗೋನಿಯೋಜಸ್ ಎಂಬ ಪರತಂತ್ರ ಕೀಟವನ್ನು ತೋಟಕ್ಕೆ ಬಿಡುತ್ತಾರೆ. ಒಬ್ಬರೇ ಬಿಟ್ಟರೆ ಪಕ್ಕದ ತೋಟದಿಂದ ಪತಂಗ ಮತ್ತೆ ಬರುತ್ತದೆ, ಒಟ್ಟಿಗೆ ಬಿಟ್ಟರೆ ಹಿಡಿತಕ್ಕೆ ಸಿಗುತ್ತದೆ. ಇಪ್ಪತ್ತಾರು ಎಂಬ ಆ ಸಂಖ್ಯೆ ಹಿಡಿದುಕೊಂಡು ರೈತರು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಟ್ಟಾಗಿ ಹೋಗಿ ಕೇಳಿದರು, ಒಟ್ಟಾಗಿ ಬಿಟ್ಟರು. ಅಲ್ಲಿಯವರೆಗೆ ಒಬ್ಬೊಬ್ಬರೂ ಹುಳು ತನ್ನ ತೋಟಕ್ಕಷ್ಟೇ ಬಂದಿದೆ ಎಂದುಕೊಂಡಿದ್ದರು. ಜನ ನಡೆದು ನಡೆದು ತೋಟದ ನಡುವೆ ಕಾಲುದಾರಿ ಬೀಳುತ್ತದಲ್ಲ, ಆ ಗುಂಡಿ ಮಾಡಿದ್ದೂ ಅದನ್ನೇ. ಮುಂದೆ ಹೋದವರು ಈಗ ಅಲ್ಲಿಲ್ಲ, ಆದರೆ ದಾರಿ ಇದೆ.

ರೈತರಿಗೆ, ಓದುಗರಿಗೆ, ರೋಗಿಗಳಿಗೆ ಕನ್ನಡದಲ್ಲಿ ಜಾಲತಾಣ ಮಾಡುತ್ತಿರುವ ಗೆಳೆಯರಲ್ಲಿ ನನ್ನದೊಂದು ವಿನಂತಿ. ನಿಮ್ಮಲ್ಲಿಗೆ ಬಂದವರನ್ನು ಒಂಟಿಯಾಗಿ ಕೂರಿಸಬೇಡಿ, ಜೊತೆಗೆ ಬೇರೆಯವರೂ ಇದ್ದಾರೆಂದು ತಿಳಿಸಿ. ಆದರೆ ಯಾರ ಹೆಸರನ್ನೂ ಅವರನ್ನು ಕೇಳದೆ ಹೊರಗೆ ಹಾಕಬೇಡಿ, ಯಾರನ್ನೂ ಹೆದರಿಸಿ ಓಡಿಸಬೇಡಿ. ಒಟ್ಟು ಮೂರೇ ಜನ ಬಂದಿದ್ದರೆ ಮೂರು ಎಂದೇ ಬರೆಯಿರಿ.