ಒಟಿಟಿ ಚಂದಾ ರದ್ದತಿ: ಕರಾರು ಬೇರೆ, ಆಟೋಪೇ ಬೇರೆ

ಒಟಿಟಿ ಚಂದಾದಲ್ಲಿ ಎರಡು ವ್ಯವಹಾರಗಳು ಸೇರಿಕೊಂಡಿರುತ್ತವೆ. ಸಿನಿಮಾ, ಧಾರಾವಾಹಿ, ಕ್ರಿಕೆಟ್ ತೋರಿಸುವ ಕಂಪನಿಯ ಜೊತೆ ಆದ ಕರಾರು ಒಂದು. ಪ್ರತಿ ತಿಂಗಳು ಅಥವಾ ಪ್ರತಿ ವರ್ಷ ಖಾತೆಯಿಂದ ಹಣ ತೆಗೆಯಲು ಬ್ಯಾಂಕಿಗೆ ಕೊಟ್ಟ ಅನುಮತಿ ಇನ್ನೊಂದು. ಈ ಅನುಮತಿಯನ್ನು ಕಾರ್ಡಿನಲ್ಲಾದರೆ ಇ-ಮ್ಯಾಂಡೇಟ್, ಯುಪಿಐನಲ್ಲಾದರೆ ಆಟೋಪೇ ಎನ್ನುತ್ತಾರೆ. ಫೋನಿನಿಂದ ಆ್ಯಪ್ ಅಳಿಸಿದರೆ ಇವೆರಡರಲ್ಲಿ ಯಾವುದೂ ರದ್ದಾಗುವುದಿಲ್ಲ. ಚಂದಾ ನಿಂತಿತೆಂದು ನಂಬಿ ಕೂತವರ ಖಾತೆಯಿಂದ ಮುಂದಿನ ಅವಧಿಗೂ ಹಣ ಹೋಗುವುದು ಹೀಗೆಯೇ.

ರದ್ದು ಮಾಡುವ ಮೊದಲು ಚಂದಾವನ್ನು ಎಲ್ಲಿಂದ ಕೊಂಡದ್ದು ಎಂಬುದನ್ನು ಪತ್ತೆ ಮಾಡಬೇಕು, ಏಕೆಂದರೆ ಕೊಂಡ ಜಾಗದಲ್ಲೇ ಅದು ರದ್ದಾಗಬೇಕು. ಕಂಪನಿಯ ವೆಬ್‌ಸೈಟಿನಲ್ಲಿ ನೇರವಾಗಿ ಕೊಂಡಿದ್ದರೆ ಅಲ್ಲಿನ ‘ಅಕೌಂಟ್’ ಪುಟದಲ್ಲಿ ರದ್ದತಿಯ ಗುಂಡಿ ಸಿಗುತ್ತದೆ. ಆಂಡ್ರಾಯ್ಡ್ ಫೋನಿನ ಪ್ಲೇ ಸ್ಟೋರ್ ಮೂಲಕ ಹಣ ಕಟ್ಟಿದ್ದರೆ ಪ್ಲೇ ಸ್ಟೋರ್ ತೆರೆದು, ಪ್ರೊಫೈಲ್ ಚಿತ್ರ ಒತ್ತಿ, ‘ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್’ ಒಳಗೆ ಹೋಗಬೇಕು. ಐಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು, ಮೇಲಿರುವ ಹೆಸರನ್ನು ಒತ್ತಿದರೆ ‘ಸಬ್‌ಸ್ಕ್ರಿಪ್ಷನ್ಸ್’ ಕಾಣುತ್ತದೆ. ಮೊಬೈಲ್ ರೀಚಾರ್ಜ್ ಪ್ಯಾಕಿನ ಜೊತೆ ಬಂದ ಒಟಿಟಿ ಸೌಲಭ್ಯವನ್ನು ಸಾಮಾನ್ಯವಾಗಿ ರದ್ದು ಮಾಡುವ ಅಗತ್ಯವೇ ಇರುವುದಿಲ್ಲ, ಅದು ಪ್ಯಾಕಿನ ನಿಯಮದಂತೆ ತಾನಾಗಿ ಮುಗಿಯುತ್ತದೆ. ಆದರೆ ಅದೇ ಆ್ಯಪಿನಲ್ಲಿ ಮುಂಚೆ ಪ್ರತ್ಯೇಕವಾಗಿ ಚಂದಾ ಕಟ್ಟಿದ್ದರೆ ಆ ಹಳೆಯ ಚಂದಾ ಸದ್ದಿಲ್ಲದೆ ನಡೆಯುತ್ತಿರಬಹುದು. ಎಲ್ಲಿ ಕೊಂಡದ್ದೆಂದು ನೆನಪಾಗದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದರೆ ಸಾಕು. ಹಣ ಪಡೆದವರ ಹೆಸರಿನ ಜಾಗದಲ್ಲಿ ಗೂಗಲ್ ಅಥವಾ ಆ್ಯಪಲ್ ಎಂದಿದ್ದರೆ ಒಟಿಟಿ ಕಂಪನಿಯ ಪುಟದಲ್ಲಿ ಎಷ್ಟು ಹುಡುಕಿದರೂ ಪ್ರಯೋಜನವಿಲ್ಲ.

ಮುಂದಿನದು ಷರತ್ತುಗಳ ಓದು. ಹತ್ತಾರು ಪುಟಗಳಿದ್ದರೂ ರದ್ದತಿಗೆ ಸಂಬಂಧಪಟ್ಟ ಅಂಶಗಳು ಕೆಲವೇ. ಸ್ವಯಂ ನವೀಕರಣದ ಷರತ್ತು ಇವುಗಳಲ್ಲಿ ಮುಖ್ಯವಾದದ್ದು: ಗ್ರಾಹಕ ಸುಮ್ಮನಿದ್ದರೆ ಅದನ್ನು ಒಪ್ಪಿಗೆಯೆಂದೇ ಎಣಿಸಿ ಮುಂದಿನ ಅವಧಿಗೆ ಹಣ ತೆಗೆಯಲಾಗುತ್ತದೆ. ಹಾಗಾಗಿ ನವೀಕರಣದ ದಿನಾಂಕವನ್ನು ಬರೆದಿಟ್ಟುಕೊಳ್ಳಬೇಕು. ಆ್ಯಪಲ್ ಮೂಲಕ ಪಡೆದ ಉಚಿತ ಪ್ರಯೋಗದ ಅವಧಿಯನ್ನು ಅದು ಮುಗಿಯುವುದಕ್ಕೆ ಕನಿಷ್ಠ 24 ಗಂಟೆ ಮೊದಲೇ ರದ್ದು ಮಾಡಬೇಕೆಂಬ ನಿಯಮವಿದೆ. ಕೊನೆಯ ದಿನ ರಾತ್ರಿ ನೋಡೋಣ ಎಂದುಕೊಂಡವರಿಗೆ ಅಷ್ಟರಲ್ಲಿ ಗಡುವು ಮೀರಿರುತ್ತದೆ.

ರದ್ದು ಮಾಡಿದೊಡನೆ ಉಳಿದ ದಿನಗಳ ಹಣ ವಾಪಸ್ ಬರುತ್ತದೆ ಎಂಬ ನಿರೀಕ್ಷೆ ಅನೇಕರಲ್ಲಿದೆ. ಹೆಚ್ಚಿನ ಒಟಿಟಿ ಕರಾರುಗಳಲ್ಲಿ ಅದಕ್ಕೆ ಅವಕಾಶವಿಲ್ಲ. ನೆಟ್‌ಫ್ಲಿಕ್ಸ್‌ನಲ್ಲಿ ಯಾವಾಗ ರದ್ದು ಮಾಡಿದರೂ ಕಟ್ಟಿದ ತಿಂಗಳು ಮುಗಿಯುವವರೆಗೆ ನೋಡಬಹುದು, ಹಣ ಮಾತ್ರ ಮರಳುವುದಿಲ್ಲ. ಹಾಗಿರುವಾಗ ತಿಂಗಳ ಕೊನೆಗೆ ಕಾಯುವುದರಲ್ಲಿ ಅರ್ಥವಿಲ್ಲ. ನಿರ್ಧಾರ ಮಾಡಿದ ದಿನವೇ ರದ್ದು ಮಾಡಿ, ಉಳಿದ ದಿನ ನಿಶ್ಚಿಂತೆಯಿಂದ ನೋಡುವುದು ಜಾಣತನ. ನಷ್ಟದ ಭಯ ದೊಡ್ಡದಾಗುವುದು ವಾರ್ಷಿಕ ಯೋಜನೆಗಳಲ್ಲಿ. ತಿಂಗಳ ಲೆಕ್ಕದಲ್ಲಿ ಅಗ್ಗವೆನಿಸಿದರೂ ಮೂರನೇ ತಿಂಗಳಿಗೆ ಬೇಡವೆನಿಸಿದರೆ ಉಳಿದ ಒಂಬತ್ತು ತಿಂಗಳ ಹಣ ಸಾಮಾನ್ಯವಾಗಿ ಕೈಬಿಟ್ಟಂತೆಯೇ.

ಬೆಲೆ ಮತ್ತು ಸೇವೆಯನ್ನು ಬದಲಿಸುವ ಹಕ್ಕನ್ನೂ ಕಂಪನಿಗಳು ಷರತ್ತುಗಳಲ್ಲಿ ಉಳಿಸಿಕೊಂಡಿರುತ್ತವೆ. ಪ್ರೈಮ್ ವಿಡಿಯೊ ಭಾರತದಲ್ಲಿ 2025ರ ಜೂನ್ 17ರಿಂದ ಜಾಹೀರಾತು ತೋರಿಸಲು ಆರಂಭಿಸಿ, ಜಾಹೀರಾತು ಬೇಡವೆನ್ನುವವರಿಗೆ ತಿಂಗಳಿಗೆ 129 ರೂಪಾಯಿ ಅಥವಾ ವರ್ಷಕ್ಕೆ 699 ರೂಪಾಯಿ ಹೆಚ್ಚುವರಿ ಶುಲ್ಕ ನಿಗದಿ ಮಾಡಿತು. ಇಂಥ ಬದಲಾವಣೆಯ ಸೂಚನೆ ಬರುವುದು ಹೆಚ್ಚಾಗಿ ಇಮೇಲ್‌ಗೆ. ಅದು ಬಂದ ದಿನವೇ ಚಂದಾ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಒಳ್ಳೆಯದು.

ಇನ್ನು ರದ್ದತಿ. ಗುಂಡಿ ಒತ್ತಿದ ಕೂಡಲೇ ಕೆಲಸ ಮುಗಿಯುವುದು ಅಪರೂಪ. ಕಾರಣ ಕೇಳುವ ಪುಟ, ರಿಯಾಯಿತಿ ಒಡ್ಡುವ ಪುಟ, ‘ಸದ್ಯಕ್ಕೆ ನಿಲ್ಲಿಸಿ, ಆಮೇಲೆ ಮುಂದುವರಿಸಿ’ ಎನ್ನುವ ಪುಟ ಒಂದರ ಹಿಂದೊಂದು ಬರುತ್ತವೆ. ತಾತ್ಕಾಲಿಕವಾಗಿ ನಿಲ್ಲಿಸುವುದು ರದ್ದತಿಯಲ್ಲ, ಗಡುವು ಮುಗಿದ ಮೇಲೆ ಹಣ ಕಡಿತ ಮತ್ತೆ ಶುರುವಾಗುತ್ತದೆ. ರದ್ದಾಗಿದೆ ಎಂಬ ಕೊನೆಯ ಪುಟ ಬರುವವರೆಗೂ ಮುಂದುವರಿದು, ಆ ಪುಟದ ಸ್ಕ್ರೀನ್‌ಶಾಟ್ ಮತ್ತು ದೃಢೀಕರಣದ ಇಮೇಲ್ ಎರಡನ್ನೂ ಕಾಪಾಡಿಕೊಳ್ಳಬೇಕು. ಮುಂದೆ ತಕರಾರು ಎದ್ದರೆ ಗ್ರಾಹಕರ ಕೈಯಲ್ಲಿರುವ ಸಾಕ್ಷ್ಯ ಇದೇ.

ರದ್ದತಿಯನ್ನು ಬೇಕೆಂದೇ ಜಟಿಲಗೊಳಿಸುವುದು ಕಾನೂನಿನ ಕಣ್ಣಿನಲ್ಲಿ ತಪ್ಪು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ, ‘ಡಾರ್ಕ್ ಪ್ಯಾಟರ್ನ್’ ಎನ್ನುವ 13 ಬಗೆಯ ವಂಚಕ ವಿನ್ಯಾಸಗಳನ್ನು ಪಟ್ಟಿ ಮಾಡಿದೆ. ಚಂದಾ ಬಲೆಯೂ ಅದರಲ್ಲಿ ಸೇರಿದೆ. ರದ್ದತಿಯ ಆಯ್ಕೆಯನ್ನು ಬಚ್ಚಿಡುವುದು, ಅದನ್ನು ಸುದೀರ್ಘ ಪ್ರಕ್ರಿಯೆ ಮಾಡುವುದು, ಉಚಿತ ಚಂದಾಗೂ ಪಾವತಿ ವಿವರ ಕೊಡಲೇಬೇಕೆಂದು ಒತ್ತಾಯಿಸುವುದು ಇವೆಲ್ಲ ಆ ಬಲೆಯ ರೂಪಗಳೇ. ಅಮೆರಿಕದಲ್ಲಿ ಅಮೆಜಾನ್ ತನ್ನ ಪ್ರೈಮ್ ಸದಸ್ಯತ್ವಕ್ಕೆ ಜನರನ್ನು ಒಪ್ಪಿಗೆಯಿಲ್ಲದೆ ಸೇರಿಸಿ, ಹೊರಬರುವುದನ್ನು ಕಷ್ಟ ಮಾಡಿತ್ತು ಎಂಬ ಆರೋಪದ ಮೊಕದ್ದಮೆಯನ್ನು 2025ರ ಸೆಪ್ಟೆಂಬರ್‌ನಲ್ಲಿ 250 ಕೋಟಿ ಡಾಲರ್‌ಗೆ ಇತ್ಯರ್ಥ ಮಾಡಿಕೊಂಡಿತು.

ಕರಾರು ಕಡಿದ ಮೇಲೆ ಬ್ಯಾಂಕಿನ ಅನುಮತಿಯತ್ತ ತಿರುಗಬೇಕು. ಈ ಕ್ರಮ ತಿರುವುಮುರುವಾಗದಿರುವುದು ಲೇಸು. ಆಟೋಪೇ ಮಾತ್ರ ನಿಲ್ಲಿಸಿದರೆ ಕಂಪನಿಯ ಲೆಕ್ಕದಲ್ಲಿ ಚಂದಾ ಜೀವಂತವಾಗಿಯೇ ಇದ್ದು, ಪಾವತಿಗಾಗಿ ಸಂದೇಶಗಳು ಬರುತ್ತಲೇ ಇರುತ್ತವೆ. ಖಾತೆಯಲ್ಲಿ ಬೇರೆ ಕಾರ್ಡ್ ನಮೂದಾಗಿದ್ದರೆ ಅದರಿಂದ ಹಣ ತೆಗೆಯುವ ಪ್ರಯತ್ನವೂ ಆಗಬಹುದು. ಯುಪಿಐ ಆ್ಯಪ್‌ಗಳಲ್ಲಿ ಪ್ರೊಫೈಲ್ ಒಳಗಿನ ‘ಆಟೋಪೇ’ ವಿಭಾಗ ತೆರೆದರೆ ಚಾಲ್ತಿಯಲ್ಲಿರುವ ಅನುಮತಿಗಳೆಲ್ಲ ಕಾಣುತ್ತವೆ. ಬೇಡವಾದದ್ದನ್ನು ಆರಿಸಿ, ಯುಪಿಐ ಪಿನ್ ಹಾಕಿ ರದ್ದು ಮಾಡಬಹುದು. ಒಂದಕ್ಕಿಂತ ಹೆಚ್ಚು ಯುಪಿಐ ಆ್ಯಪ್ ಬಳಸುವವರು ಎಲ್ಲದರಲ್ಲೂ ಒಮ್ಮೆ ಇಣುಕಬೇಕು. ಕಾರ್ಡಿನ ಅನುಮತಿಗಳು ಬ್ಯಾಂಕಿನ ಆ್ಯಪ್ ಅಥವಾ ನೆಟ್‌ಬ್ಯಾಂಕಿಂಗ್‌ನಲ್ಲಿ ಸಿಗುತ್ತವೆ. ಹಲವು ಬ್ಯಾಂಕುಗಳು ಇದಕ್ಕಾಗಿ ‘ಎಸ್‌ಐ ಹಬ್’ ಎಂಬ ಪುಟಕ್ಕೆ ಕಳುಹಿಸುತ್ತವೆ.

ಇಲ್ಲಿ ರಿಸರ್ವ್ ಬ್ಯಾಂಕಿನ ನಿಯಮ ಗ್ರಾಹಕರಿಗೆ ದೊಡ್ಡ ಆಸರೆ. 2021ರ ಅಕ್ಟೋಬರ್ 1ರಿಂದ ಕಡ್ಡಾಯವಾಗಿ ಜಾರಿಯಾದ ಈ ವ್ಯವಸ್ಥೆಯಲ್ಲಿ ಹಣ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಕಂಪನಿಯ ಹೆಸರು, ಮೊತ್ತ, ದಿನಾಂಕ ತಿಳಿಸುವ ಸಂದೇಶ ಬರಬೇಕು. ಅದನ್ನು ನೋಡಿ ಆ ಒಂದು ಕಡಿತವನ್ನಾಗಲಿ ಇಡೀ ಅನುಮತಿಯನ್ನಾಗಲಿ ತಡೆಯಬಹುದು. ಅನುಮತಿಯನ್ನು ಯಾವಾಗ ಬೇಕಾದರೂ ಆನ್‌ಲೈನ್‌ನಲ್ಲಿ ಹಿಂಪಡೆಯುವ ಸೌಲಭ್ಯ ಕೊಡುವುದು ಬ್ಯಾಂಕಿನ ಹೊಣೆ, ಈ ವ್ಯವಸ್ಥೆಗೆ ಶುಲ್ಕವನ್ನೂ ವಿಧಿಸುವಂತಿಲ್ಲ. ಸಂದೇಶ ಹೋಗುವುದು ಹಣ ಕಟ್ಟುವವರ ಫೋನಿಗೆ ಎಂಬುದು ಮನೆಮಂದಿಯೆಲ್ಲ ಒಂದೇ ಚಂದಾ ಬಳಸುವಾಗ ಮರೆತುಹೋಗುತ್ತದೆ. ವಿದೇಶದಲ್ಲಿರುವ ಮಕ್ಕಳು ಊರಿನ ತಂದೆ-ತಾಯಿಯ ಚಂದಾವನ್ನು ಅಲ್ಲಿನ ಕಾರ್ಡಿನಿಂದ ಕಟ್ಟುತ್ತಿದ್ದರೆ ಈ ನಿಯಮ ಅನ್ವಯಿಸುವುದಿಲ್ಲ.

ಇಷ್ಟಾಗಿಯೂ ಹಣ ಕಡಿತವಾದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಸಿಗಬೇಕು. ಅನುಮತಿ ರದ್ದಾದ ಮೇಲೂ ಬ್ಯಾಂಕ್ ಹಣ ಬಿಟ್ಟುಕೊಟ್ಟಿದ್ದರೆ ತಪ್ಪು ಬ್ಯಾಂಕಿನದು. 30 ದಿನಗಳಲ್ಲಿ ಬ್ಯಾಂಕ್ ಸ್ಪಂದಿಸದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು. ಕಂಪನಿಯ ಮೇಲಿನ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ವಿವಾದಗಳು ಮಧ್ಯಸ್ಥಿಕೆಗೇ ಹೋಗಬೇಕು, ಅದೂ ಕಂಪನಿ ಹೇಳಿದ ಊರಿನಲ್ಲಿ ಎಂಬ ಷರತ್ತು ಓದಿ ಹಿಂಜರಿಯಬೇಕಿಲ್ಲ. ಅಂಥ ಷರತ್ತು ಗ್ರಾಹಕರ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂಬುದು ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ನಿಲುವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಕರಾರಿನ ಷರತ್ತೇ ಅನ್ಯಾಯದ್ದು ಎಂದು ಪ್ರಶ್ನಿಸುವುದಾದರೆ ಮಾತ್ರ ಜಿಲ್ಲಾ ಆಯೋಗದ ಬದಲು ರಾಜ್ಯ ಆಯೋಗಕ್ಕೆ ಹೋಗಬೇಕು.