ಜಾಲೀಗಿಡದ ಕೆಳಗೆ ಸಿಕ್ಕಿದ ರೊಟ್ಟಿ

ಸತ್ಯವೇದದಲ್ಲಿ 1 ಅರಸುಗಳು 19ನೇ ಅಧ್ಯಾಯ ತೆಗೆಯಿರಿ. ಮೊಬೈಲಲ್ಲಿ ಓದುವವರು ಮೊದಲು ನೋಟಿಫಿಕೇಶನ್ ಆಫ್ ಮಾಡಿಬಿಡಿ, ಇಲ್ಲಾಂದ್ರೆ ಎಲೀಯನ ಜೊತೆ ಪಿಜ್ಜಾ ಆಫರ್ ಕೂಡ ಬರುತ್ತೆ.

ಇದರ ಹಿಂದಿನ ಅಧ್ಯಾಯ ನಮಗೆಲ್ಲಾ ಇಷ್ಟ. ಕರ್ಮೆಲ್ ಬೆಟ್ಟದಲ್ಲಿ ಬಾಳನ ಪ್ರವಾದಿಗಳು 450 ಮಂದಿ, ಎದುರಿಗೆ ಎಲೀಯ ಒಬ್ಬನೇ. ಬೆಂಕಿ ಇಳಿಯಿತು, ಮಳೆ ಬಂತು, ಅಹಾಬನ ರಥಕ್ಕಿಂತ ಮುಂದೆ ಇಜ್ರೇಲಿನ ತನಕ ಓಡಿದ. ಹಲ್ಲೆಲೂಯಾ! ಆದರೆ ಪುಟ ತಿರುಗಿಸಿದರೆ ಅದೇ ಮನುಷ್ಯ ಅರಣ್ಯದಲ್ಲಿ ಜಾಲೀಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಬಿಡು ಅಂತ ಬೇಡುತ್ತಿದ್ದಾನೆ. ಆಗಿದ್ದಿಷ್ಟೇ, ಈಜೆಬೆಲಳಿಂದ ಒಂದು ಬೆದರಿಕೆಯ ಮಾತು ಬಂದಿತ್ತು. ಅಷ್ಟು ದೊಡ್ಡ ಜಯದ ಮಾರನೇ ದಿನವೇ ದೊಡ್ಡ ಆಯಾಸ ಬರಬಹುದು ಪ್ರಿಯರೇ. ಭಾನುವಾರ ಆರಾಧನೆಯಲ್ಲಿ ಕಣ್ಣೀರು ಸುರಿಸಿದವರು ಸೋಮವಾರ ಬೆಳಿಗ್ಗೆ ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಬಸ್ಸಿನ ಕಿಟಕಿಗೆ ತಲೆಯಾನಿಸಿ, ಯಾಕೆ ಬದುಕಬೇಕು ಅಂತ ಯೋಚಿಸೋದು ನನಗೆ ಗೊತ್ತು. ನೀವೇ ಬಂದು ಹೇಳಿದ್ದೀರಿ.

3ನೇ ವಚನ ಗಮನಿಸಿ. ಬೇರ್ಷೆಬಕ್ಕೆ ಬಂದಾಗ ಎಲೀಯ ತನ್ನ ಸೇವಕನನ್ನು ಅಲ್ಲೇ ಬಿಟ್ಟ. ಮುಂದಿನ ಒಂದು ದಿನದ ದಾರಿ ಒಬ್ಬನೇ ನಡೆದ. ನಾವೂ ಹಾಗೇ ಮಾಡ್ತೀವಿ. ಮನಸ್ಸು ಕುಸಿದಾಗ ಮೊದಲು ಕೇರ್ ಸೆಲ್ ಬಿಡ್ತೀವಿ, ಆಮೇಲೆ ಅಮ್ಮನ ಫೋನ್ ಎತ್ತೋದಿಲ್ಲ. ಪೀಜಿಯಲ್ಲಿ ರೂಮ್‌ಮೇಟ್ ಕೇಳಿದರೆ "ಏನಿಲ್ಲ, ಸ್ವಲ್ಪ ತಲೆನೋವು."

ದೇವರು ಏನು ಮಾಡಿದನು? ಗದರಿಸಲಿಲ್ಲ. ಮೊದಲು ಅವನನ್ನು ನಿದ್ದೆ ಮಾಡಲು ಬಿಟ್ಟನು. ಆಮೇಲೆ ದೂತನು ಬಂದು ಅವನನ್ನು ಮುಟ್ಟಿದನು. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ಎರಡನೇ ಸಾರಿಯೂ ಊಟ, ಯಾಕೆಂದರೆ ಮುಂದಿನ ದಾರಿ ಅವನ ಶಕ್ತಿಗೆ ಮೀರಿದ್ದು. ನಿನ್ನ ಪ್ರಾರ್ಥನೆ ಕಡಿಮೆಯಾಗಿದೆ ಅಂತ ದೂತನು ಹೇಳಲಿಲ್ಲ.

ಆದರೆ ನಾನು ಹೇಳಿದ್ದೆ. ಇದನ್ನು ಇವತ್ತು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನೈಟ್ ಶಿಫ್ಟ್ ಮಾಡುತ್ತಿದ್ದ ಒಬ್ಬ ತಮ್ಮ ನನ್ನ ಹತ್ತಿರ ಬಂದ. ನಿದ್ದೆ ಬರ್ತಿಲ್ಲ ಪಾಸ್ಟರ್, ಪ್ರಾರ್ಥನೆಗೆ ಕೂತರೆ ಮಾತೇ ಬರಲ್ಲ ಅಂದ. ನಾನು ಪೂರ್ತಿ ಕೇಳಲೂ ಇಲ್ಲ. ಮೂರು ದಿನ ಉಪವಾಸ ಮಾಡು, ಶುಕ್ರವಾರ ರಾತ್ರಿ ಜಾಗರಣೆ ಪ್ರಾರ್ಥನೆಗೆ ಬಾ ಅಂತ ಕಳಿಸಿದೆ. ಪಾಪ, ವಿಧೇಯನಾದ. ಆಮೇಲೆ ಸಭೆಗೆ ಬರೋದೇ ನಿಲ್ಲಿಸಿದ. ತಿಂಗಳ ಮೇಲೆ ಅವನ ಅಕ್ಕ ಫೋನ್ ಮಾಡಿದಾಗಲೇ ನನಗೆ ಗೊತ್ತಾದದ್ದು, ಖಿನ್ನತೆಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೀತಿದೆ ಅಂತ. ನೋಡಲು ಹೋದೆ. ಮೆಲ್ಲಗೆ ಅಂದ, "ಪಾಸ್ಟರ್, ನಾನು ಹಸಿದು ಬಂದಿದ್ದೆ. ನೀವು ಉಪವಾಸ ಕೊಟ್ರಿ."

ದೇವರ ಕೃಪೆಯಿಂದ ಅವನು ಈಗ ಚೆನ್ನಾಗಿದ್ದಾನೆ. ಆ ಮಾತು ಮಾತ್ರ ನನ್ನನ್ನು ಬಿಟ್ಟಿಲ್ಲ.

ಉಪವಾಸ ಬೇಡ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳೀಬೇಡಿ. ಎಲೀಯ ಹೋರೇಬಿನ ತನಕ 40 ದಿನ ಹಗಲಿರುಳು ನಡೆದ. ಆದರೆ ಯಾವ ಬಲದಿಂದ? ಆ ಊಟದ ಬಲದಿಂದ ಅಂತ 8ನೇ ವಚನ ಹೇಳುತ್ತದೆ. ನಿದ್ದೆ, ರೊಟ್ಟಿ, ನೀರು ಮೊದಲು. ಬೆಟ್ಟ ಆಮೇಲೆ.

ಬೆಟ್ಟದಲ್ಲೂ ದೇವರು ಅವನನ್ನು ಮಾತಾಡಲು ಬಿಟ್ಟನು. ಇಲ್ಲಿ ನಿನಗೇನು ಕೆಲಸ ಅಂತ ಕೇಳಿದನು. ಎಲೀಯ ತನ್ನ ದೂರು ಹೇಳಿದ. ಗಾಳಿ, ಭೂಕಂಪ, ಬೆಂಕಿ, ಆಮೇಲೆ ಮೆಲ್ಲಗಿನ ಸ್ವರ ಎಲ್ಲಾ ಆದ ಮೇಲೆ ಅದೇ ಪ್ರಶ್ನೆ, ಅದೇ ದೂರು. 10ನೇ ವಚನ, 14ನೇ ವಚನ ಹೋಲಿಸಿ ನೋಡಿ. ಆಗಲೇ ಹೇಳಿದೆಯಲ್ಲಾ ಅಂತ ದೇವರು ಅನ್ನಲಿಲ್ಲ, ಎರಡು ಸಾರಿಯೂ ಕೇಳಿಸಿಕೊಂಡನು. ನಂತರವೇ, ನೀನು ಒಬ್ಬನೇ ಅಲ್ಲ, ಇನ್ನೂ 7,000 ಮಂದಿ ಇದ್ದಾರೆ ಅಂತ ತಿಳಿಸಿದನು. ಅಧ್ಯಾಯ ಮುಗಿಯುವಾಗ ಎಲೀಷನು ಅವನ ಜೊತೆ ನಡೆಯುತ್ತಿದ್ದಾನೆ. ಸೇವಕನನ್ನು ಬಿಟ್ಟು ಬಂದವನಿಗೆ ಜೊತೆಗಾರ ಸಿಕ್ಕಿದ.

ಯೌವನಸ್ಥರೇ, ಈ ವಾರ ಫೋನನ್ನು ಹಾಸಿಗೆಯಿಂದ ದೂರ ಇಟ್ಟು ಮಲಗಿ. ತಿಂಡಿ ಬಿಡಬೇಡಿ. ಬೇರ್ಷೆಬದಲ್ಲಿ ನೀವು ಬಿಟ್ಟುಬಂದವರು ಯಾರೋ ಇದ್ದಾರಲ್ಲಾ, ಅವರಿಗೆ ಇವತ್ತೇ ಫೋನ್ ಮಾಡಿ. ವಾರಗಟ್ಟಲೆ ಮನಸ್ಸು ಭಾರವಾಗಿದ್ದರೆ ಡಾಕ್ಟರ್ ಹತ್ತಿರ ಹೋಗಲು ನಾಚಿಕೆ ಬೇಡ. ಪೌಲನ ಜೊತೆಗಿದ್ದ ಲೂಕನೂ ವೈದ್ಯನೇ. ಅವರು ಕೊಟ್ಟ ಮಾತ್ರೆಯನ್ನು ನಂಬಿಕೆಯ ಹೆಸರಲ್ಲಿ ನೀವಾಗಿ ನಿಲ್ಲಿಸಬೇಡಿ. ಸಾಯಬೇಕು ಅನ್ನೋ ಯೋಚನೆ ಬಂದರೆ ರಾತ್ರಿ ಎರಡು ಗಂಟೆಯಾದರೂ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನನಗೂ ಮಾಡಿ. ಈ ಸಾರಿ ಪೂರ್ತಿ ಕೇಳ್ತೀನಿ.

ಈಗ ಎದ್ದು ನಿಂತು ಪ್ರಾರ್ಥಿಸೋಣ. ನಿಲ್ಲಲು ಆಗದವರು ಕೂತೇ ಇರಿ, ಪರವಾಗಿಲ್ಲ. ಆಮೆನ್ ಆದ ಮೇಲೆ ಕೆಳಗೆ ಊಟ ಇದೆ, ಯಾರೂ ಹಾಗೇ ಹೋಗಬೇಡಿ.